ಉಟಗಿಯ ಒರತೆಗೆ ಸೋಮಲ ಇಳಿದ ಬೇಸಿಗೆ

ಹೋದ ತಿಂಗಳು ಜತ್ತದಿಂದ ವಿಜಾಪುರಕ್ಕೆ ಹೊರಟ ಎಸ್.ಟಿ. ಬಸ್ಸಿನಲ್ಲಿ ಒಬ್ಬ ಮುದುಕ ಕುರಿಗಾರ ನನ್ನ ಪಕ್ಕ ಬಂದು ಕುಳಿತ. ಹೊರಗೆ ತುಂತುರು ಹನಿಯುತ್ತಿತ್ತು. ಅವನ ಕರಿ ಕಂಬಳಿ ನೆನೆದು ಭಾರವಾಗಿ, ಅದರ ಒಂದು ಅಂಚು ನನ್ನ ತೊಡೆಯ ಮೇಲೂ ಬಿತ್ತು. ಹಸಿ ಉಣ್ಣೆಯ ವಾಸನೆ ನಮ್ಮ ಸೀಮೆಯವರಿಗೆ ಹೊಸದಲ್ಲ, ಅದನ್ನು ಹೊದ್ದು ಮಲಗಿ ಬೆಳೆದವರು ನಾವು. ಆದರೂ ನಾನು ಮೂಗು ಮುಚ್ಚಿಕೊಂಡು ಕಿಟಕಿಗೆ ಮುಖ ಒಡ್ಡಿದೆ.

"ಮೋಟಾರ ಆಗಿಬರೂದಿಲ್ಲೇನ್ರಿ ನಿಮಗ?" ಎಂದು ಮುದುಕ ತನ್ನ ತಂಬಿಗೆಯನ್ನು ಮುಂದೆ ಹಿಡಿದ. "ಎರಡು ಗುಟುಕ ನೀರು ಕುಡೀರಿ."

"ಎಲ್ಲೀ ನೀರು ಇದು?" ಎಂದು ಕೇಳಿದೆ.

"ನೀರಿಗೂ ಜಾತಿ ಕೇಳ್ತೀರೇನ್ರಿ?" ಎಂದು ಅವನು ನಕ್ಕ. ಹಿಂದಿನ ಸೀಟಿನವರೂ ನಕ್ಕರು. ಮುಂದಿನ ಫಾಟಾದಲ್ಲಿ, ದಾರಿ ಕವಲಾಗುವ ಕಡೆ, ಬಸ್ಸು ನಿಂತಾಗ, ನನ್ನ ಊರು ಇನ್ನೂ ದೂರವಿದ್ದರೂ, ಇಳಿದುಬಿಟ್ಟೆ.

ಬೇವಿನ ಗಿಡದ ಕೆಳಗೆ ಇನ್ನೊಂದು ಬಸ್ಸಿಗಾಗಿ ಎರಡು ತಾಸು ನಿಂತೆ. ಏಳು ವರ್ಷಗಳಿಂದ ನನ್ನೊಳಗೆ ನಡೆಯುತ್ತಿರುವುದೇ ಅಲ್ಲಿಯೂ ನಡೆಯಿತು. ಆ ಬೇಸಿಗೆ ಮೊದಲಿನಿಂದ ಶುರುವಾಗುತ್ತದೆ. ಇಲ್ಲಿ ನಾನು ಕೇಳಬಹುದಿತ್ತು, ಇಲ್ಲಿ ಬಗ್ಗಿ ನೋಡಬಹುದಿತ್ತು ಎಂದು ಒಂದೊಂದು ಕಡೆ ನಿಲ್ಲುತ್ತೇನೆ. ಆದರೆ ಆಗಿನ ನಾನು, ಇಪ್ಪತ್ತೆರಡು ವರ್ಷದವನು, ಏನನ್ನೂ ಕೇಳದೆ, ಎಲ್ಲಿಯೂ ಬಗ್ಗದೆ, ಮುಂದೆ ನಡೆದುಬಿಡುತ್ತಾನೆ.

ಆಗ ಜತ್ತ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿ ಮೂರು-ನಾಲ್ಕು ವರ್ಷಗಳಾಗಿದ್ದವು. ನಾನು ವಿಜಾಪುರದಲ್ಲಿ ಕಾಲೇಜು ಮುಗಿಸಿ, ನೌಕರಿಯ ದಾರಿ ಕಾಯುತ್ತ ಉಟಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಅವ್ವ, ಅಂದರೆ ಮಾಮಾನ ಅಕ್ಕ, ನಮ್ಮ ಊರಲ್ಲೇ ಉಳಿದಿದ್ದಳು. ಸಾಲೆಗೆ ಹಚ್ಚಿದವನು, ಕಾಲೇಜಿಗೆ ಕಳಿಸಿದವನು, ರಜೆಯ ಸೂಟಿಗೆ ಬಂದಾಗ ಊರ ಹೊರಗಿನ ತನಕ ಬಂದು ಕೈಚೀಲ ಇಸಿದುಕೊಳ್ಳುತ್ತಿದ್ದವನು ಬಸಲಿಂಗಪ್ಪ ಮಾಮಾನೇ. ಅವನದು ಉಣ್ಣೆಯ ವ್ಯಾಪಾರ. ಊರಲ್ಲಿ ಎಲ್ಲರೂ ನನ್ನನ್ನು 'ಸಾವಕಾರ್ರ ಅಳಿಯಾ' ಅನ್ನುತ್ತಿದ್ದರು. ಕುರುಬರ ವಸ್ತಿಯ ಸಿದ್ದವ್ವ ಮಾತ್ರ 'ಇಂಗ್ರೇಜಿ ಅಳಿಯಾ' ಎಂದು ಕೂಗುತ್ತಿದ್ದಳು.

ಸಿದ್ದವ್ವ ಒರತೆಯ ಯಜಮಾನಿ. ಹಾಗೆಂದು ಯಾರೂ ಅವಳನ್ನು ನೇಮಿಸಿರಲಿಲ್ಲ. ಶಿವರಾತ್ರಿ ಕಳೆದು ಹಳ್ಳ ಒಣಗಿದ ಮೇಲೆ, ಉಸುಕಿನಲ್ಲಿ ಎಲ್ಲಿ ಅಗೆದರೆ ಸಿಹಿ ನೀರು ಜಿನುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟೆ. ಸೊಂಟದಾಳ ಕುಣಿ ತೋಡಿ, ಸುತ್ತಲೂ ಉಸುಕು ಕುಸಿಯದಂತೆ ಕಲ್ಲಿಟ್ಟು, ಬೆಳಗಿನಿಂದ ಹೊತ್ತು ಮುಳುಗುವ ತನಕ ತೆಂಗಿನ ಚಿಪ್ಪಿನಿಂದ ಒಬ್ಬೊಬ್ಬರ ಕೊಡ ತುಂಬಿಸುತ್ತಿದ್ದಳು. ಊರಿನ ಬಾವಿಗಳ ನೀರು ಸಪ್ಪಗೆ, ಗಡಸು. ಅದರಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ವಸ್ತಿಯವರಷ್ಟೇ ಅಲ್ಲ, ಊರಿನ ಎಷ್ಟೋ ಮನೆಗಳವರು, ನಮ್ಮ ಮಾಮಾನ ಮನೆಯವರು ಕೂಡ, ಆ ಒರತೆಯ ನೀರನ್ನೇ ತರುತ್ತಿದ್ದರು.

ಆ ವರ್ಷ ಕುರಿಗಳಿಗೆ ಕಜ್ಜಿ ಬಿದ್ದಿತ್ತು. ಉಣ್ಣೆ ಗೊಂಚಲುಗೊಂಚಲಾಗಿ ಉದುರುತ್ತಿತ್ತು. ಮಾಮಾ ಕುರಿ ಸಾಕುವವರದೊಂದು ಸಂಘ ಕಟ್ಟಿ, ತಾನೇ ಚೇರ್ಮನ್ ಆಗಿ, ಹಳ್ಳದ ದಂಡೆಯ ಮೇಲೆ, ಒರತೆಯಿಂದ ತುಸು ಮೇಲಕ್ಕೆ, ಕುರಿ ಮುಳುಗಿಸುವ ಟಾಕಿ ಕಟ್ಟಿಸಿದ. ಗಚ್ಚಿನ ಉದ್ದನೆಯ ಕಾಲುವೆಯಂಥದು ಅದು. ಔಷಧ ಕಲಸಿದ ನೀರು ತುಂಬಿ, ಒಂದು ಕಡೆಯಿಂದ ಕುರಿಯನ್ನು ತಳ್ಳಿದರೆ ಈಜಿಕೊಂಡು ಇನ್ನೊಂದು ಕಡೆ ಹತ್ತಬೇಕು. ಕಟ್ಟಿದವನು ಗೌಂಡಿ ದಸ್ತಗೀರಸಾಬ. ಔಷಧದ ಡಬ್ಬಿಗಳು ಮುಂಬಯಿಯ ಕಡೆಯಿಂದ ಬಂದವು. ಹಳದಿ ಪುಡಿ, ಮುಚ್ಚಳ ತೆಗೆದರೆ ಗಂಧಕದ ನಾತ. ಜೊತೆಗೆ ಇಂಗ್ರೇಜಿಯ ಒಂದು ಕಾಗದ.

"ಓದೋ ಅಳಿಯಾ, ಏನೇನು ಬರದಾರ ನೋಡೂಣು," ಎಂದು ಮಾಮಾ ಪಡಸಾಲೆಯಲ್ಲಿ ನನ್ನನ್ನು ಕೂಡಿಸಿದ.

ಓದಿದೆ. ಪುಡಿಯಲ್ಲಿ ಇದ್ದದ್ದು ಸೋಮಲ, ಅಂದರೆ ಪಾಷಾಣ. ಬಳಸಿದ ನೀರನ್ನು ಬಾವಿ, ಹಳ್ಳಗಳಿಂದ ದೂರ, ಆಳವಾದ ಗುಂಡಿಗೆ ಹಾಕಿ, ಸುಣ್ಣ ಬೆರೆಸಿ, ಮಣ್ಣು ಮುಚ್ಚಬೇಕೆಂದು ಬರೆದಿತ್ತು. ಆ ಸಾಲನ್ನು ನಾನು ಎರಡು ಸಲ ಓದಿ ಕನ್ನಡದಲ್ಲಿ ಹೇಳಿದೆ. ಅತ್ತಿ, ಮಾಮಾನ ಹೆಂಡತಿ, ಬಾಗಿಲಲ್ಲಿ ನಿಂತು ಕೇಳಿದಳು. ಮಾಮಾ ತಲೆ ಅಲ್ಲಾಡಿಸಿದ. "ಹಂಗಂದ್ರ ಹಂಗ ಮಾಡೂಣು. ಜಾಗಾ ನೀನ ನೋಡಿ ಗೂಟಾ ಬಡಿ."

ಹಳ್ಳದಿಂದ ದೂರ, ಏರಿನ ಮೇಲೆ ನಾನೇ ನಾಲ್ಕು ಗೂಟ ಬಡಿದೆ. ಚಾವಡಿಯಲ್ಲಿ ಕುರಿಗಾರರನ್ನು ಕೂಡಿಸಿ ಆ ಕಾಗದವನ್ನು ಓದಿ ಹೇಳಿದವನೂ ನಾನೇ. ವಿಷ ಎಂದ ಕೂಡಲೇ ಅವರು ಗೊಣಗಿದರು. ಸಿದ್ದವ್ವ ಎದ್ದು ನಿಂತು, "ಕುರಿಗೆ ವಿಷಾ ಕುಡಸೂದು ಇಂಗ್ರೇಜಿ ಸಾಲಿಯಾಗ ಕಲಿಸ್ಯಾರೇನು ನಿನಗ?" ಎಂದಳು. ಎಲ್ಲರೂ ನಕ್ಕರು.

"ಕುಡಸೂದಲ್ಲ ಸಿದ್ದವ್ವಾ, ಮೈ ತೊಳಿಸೂದು. ನೀರು ಗುಂಡಿಗೆ ಹೋಗತೈತಿ, ಹಳ್ಳಕ್ಕ ಒಂದು ಹನಿ ಬರೂದಿಲ್ಲ. ನಾ ಓದಿ ನೋಡೇನಿ, ನಾನ ಜಾಗಾ ಹಾಕೇನಿ."

"ನೀ ಹೇಳ್ತೀ ಅಂದ್ರ ಆತು," ಎಂದು ಅವಳು ಕುಳಿತಳು.

ಹೋಳಿ ಹುಣ್ಣಿವೆಯ ಹೊತ್ತಿಗೆ ಉಣ್ಣೆ ಕತ್ತರಿಸಿದ ಹಿಂಡುಗಳು ಬಂದವು. ಸೊರಡಿ, ಬೆಳುಂಕಿಯ ಕಡೆಯಿಂದಲೂ ಬಂದವು. ಎಂಟು-ಹತ್ತು ದಿನ ದಂಡೆಯ ಮೇಲೆ ಬ್ಯಾ ಬ್ಯಾ ಎಂಬ ಸದ್ದು, ಗಂಧಕದ ನಾತ, ಹಸಿ ಉಣ್ಣೆಯ ನಾತ. ನಾನು ಕೋಲು ಹಿಡಿದು ಕುರಿಗಳ ತಲೆಯನ್ನು ಒಂದು ಕ್ಷಣ ನೀರಿಗೆ ಅದುಮುತ್ತಿದ್ದೆ. ಮೈ ಒಣಗಿದ ಕೂಡಲೇ ಗಂಡಸರು ಹಿಂಡು ಹೊಡೆದುಕೊಂಡು ಮೇವಿಗಾಗಿ ದೂರ ಸೀಮೆಗೆ ಹೊರಟರು. ಆಮೇಲೆ ವಸ್ತಿಯಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು.

ಯುಗಾದಿಯ ಮುಂಚೆ ಮಾಮಾ ನನ್ನನ್ನು ನೌಕರಿಯ ಸಲುವಾಗಿ ಒಬ್ಬರನ್ನು ಕಂಡು ಬಾ ಎಂದು ವಿಜಾಪುರಕ್ಕೆ ಕಳಿಸಿದ. ಎಂಟು ದಿನ ಅಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ಟಾಕಿ ಖಾಲಿಯಾಗಿ, ತೊಳೆದು, ಬಿಸಿಲಿಗೆ ಒಣಗಿ ನಿಂತಿತ್ತು. ಏರಿನ ಮೇಲೆ, ನನ್ನ ಗೂಟಗಳ ನಡುವೆ, ಹೊಸ ಮಣ್ಣಿನ ದಿಬ್ಬ. ಅದರ ಮೇಲೆ ಬೆಳ್ಳಗೆ ಸುಣ್ಣ ಚೆಲ್ಲಿದ್ದರು. ನಾನು ದಿಬ್ಬದ ಸುತ್ತ ಒಂದು ಸಲ ನಡೆದು ಸಂತೋಷಪಟ್ಟೆ. ಈ ಜಾಗದಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ಒಂದು ಹಾರೆ ತೆಗೆದುಕೊಂಡು ಚುಚ್ಚಿ ನೋಡಿದ್ದರೆ ಸಾಕಿತ್ತು.

ಮನೆಯಲ್ಲಿ ಅತ್ತಿ ತೋಟದ ಬಾವಿಯ ನೀರು ತರಿಸಲು ಶುರುಮಾಡಿದ್ದಳು. ದಿನವೂ ಚಕ್ಕಡಿಯಲ್ಲಿ ಎರಡು ಹಂಡೆ.

"ಒರತಿ ನೀರು ಯಾಕ ಬಿಟ್ರಿ ಅತ್ತಿ?"

"ತ್ವಾಟದ ಬಾವೀ ಹೂಳು ತಗಸ್ಯಾರ ನಿಮ್ಮ ಮಾಮಾ. ಈಗ ನೀರು ಭಾಳ ಸಿಹಿ ಆಗ್ಯಾವ," ಎಂದಳು, ನನ್ನ ಮುಖ ನೋಡದೆ.

ಅಂದಿನಿಂದ ತಾಟಿನಲ್ಲಿ ಬೇಳೆ ಕಾಳುಕಾಳಾಗಿಯೇ ಉಳಿಯುತ್ತಿತ್ತು. "ಅತ್ತಿ, ನಿಮ್ಮ ಸಿಹಿ ನೀರಿಗೆ ಬ್ಯಾಳಿ ಅಂಜೂದಿಲ್ಲ ನೋಡ್ರಿ," ಎಂದು ನಾನು ಚೇಷ್ಟೆ ಮಾಡಿದೆ. ಅತ್ತಿ ನಗಲಿಲ್ಲ. ಮಾಮಾ ಮಾತ್ರ, "ಸುಮ್ನ ಉಣ್ಣೋ. ಕಾಲೇಜಿನ ಖಾನಾವಳಿಯಾಗ ಇದಕ್ಕಿಂತ ಕೆಟ್ಟದ್ದು ಉಂಡಿದ್ದಿ," ಎಂದ. ಒಂದೂವರೆ ತಿಂಗಳು ನಾನು ಆ ಗಟ್ಟಿ ಬೇಳೆಯನ್ನು ಅಗಿದು ನುಂಗಿದೆ. ಗಡಸು ನೀರಿನ ಗುಣಗಳನ್ನು ಪರೀಕ್ಷೆಯಲ್ಲಿ ಮೂರು ಪುಟ ಬರೆದವನು ನಾನು.

ಯುಗಾದಿ ಕಳೆದು ಐದಾರು ದಿನಕ್ಕೆ ವಸ್ತಿಯಲ್ಲಿ ವಾಂತಿಭೇದಿ ಶುರುವಾಯಿತು. ಮೊದಲು ಮುದುಕರಿಗೆ, ಆಮೇಲೆ ಮಕ್ಕಳಿಗೆ. ಕಾಲರಾ ಎಂದು ಊರೆಲ್ಲ ಹೆದರಿತು. ಸೂಜಿ ಚುಚ್ಚುವವರು ಬಂದು ಎಲ್ಲರ ರಟ್ಟೆಗೂ ಚುಚ್ಚಿ ಹೋದರು. ಬೇನೆ ನಿಲ್ಲಲಿಲ್ಲ. ಬಾಯಿ ಒಣಗುವುದು, ಹೊಟ್ಟೆಯಲ್ಲಿ ಮುರಿತ, ಅಂಗಾಲಲ್ಲಿ ಬೆಂಕಿ ಇಟ್ಟಂತೆ ಉರಿ. ಕೆಲವರ ಮೈಬಣ್ಣ ಮಬ್ಬಾಯಿತು.

ನಾನು ವಸ್ತಿಗೆ ಹೋಗಿ, "ನೀರು ಕುದಿಸಿ ಕುಡೀರಿ, ಒರತಿ ಸ್ವಚ್ಛ ಮಾಡ್ರಿ," ಎಂದು ಮನೆಮನೆಗೆ ಹೇಳಿದೆ. ಕಲಿತವನ ಮಾತು. ಅವರು ಅಕ್ಷರಕ್ಷರ ನಡೆಸಿದರು. ನಮ್ಮ ಕಡೆ ಒರತೆಯನ್ನು ಸ್ವಚ್ಛ ಮಾಡುವ ರೀತಿ ಒಂದೇ. ನಸುಕಿನಲ್ಲಿ ಎದ್ದು, ನಿಂತ ನೀರನ್ನೆಲ್ಲ ಬಳಿದು ಚೆಲ್ಲಿ, ತಳದ ಉಸುಕನ್ನು ಒಂದು ಬುಟ್ಟಿ ತೆಗೆದು, ಹೊಸ ನೀರು ಜಿನುಗುವ ತನಕ ಕಾಯುವುದು. ಹಾಗೆ ಜಿನುಗಿದ ಮೊದಲ ನೀರು ಎಲ್ಲಕ್ಕಿಂತ ಶುದ್ಧ. ಅದನ್ನು ರೋಗಿಗಳಿಗೆ, ಬಾಣಂತಿಯರಿಗೆ, ಎಳೆಕೂಸುಗಳಿಗೆ ಕೊಡಬೇಕು. ಸಿದ್ದವ್ವ ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ನನ್ನ ಮಾತಿನ ಮೇಲೆ ದಿನವೂ ಮಾಡತೊಡಗಿದಳು. ಒರತೆ ಆಳವಾದಷ್ಟೂ ಮೇಲಿನ ಉಸುಕಿನಿಂದ, ಟಾಕಿಯ ಕಡೆಯಿಂದ, ನೀರು ಸೆಳೆಯಿತು.

ಅವಳ ಮಗಳು ಯಲ್ಲವ್ವ ಆ ವರ್ಷ ಚೊಚ್ಚಿಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು. ದಿನವೂ ಮೊದಲ ತಂಬಿಗೆ ಯಲ್ಲವ್ವನಿಗೇ. ಓಮಕಾಳು ಹಾಕಿ, ಅರ್ಧಕ್ಕೆ ಇಳಿಯುವ ಹಾಗೆ ಕುದಿಸಿ ಕೊಡುತ್ತಿದ್ದರು. ನೀರು ಅರ್ಧವಾಗುತ್ತಿತ್ತು, ಅದರಲ್ಲಿದ್ದದ್ದು ಅಷ್ಟೇ ಉಳಿಯುತ್ತಿತ್ತು. ನಾನು ಒಂದು ದಿನ ಒಲೆಯ ಮುಂದೆ ಕುಳಿತ ಸಿದ್ದವ್ವನಿಗೆ, "ಹಿಂಗ ಕುದಿಸಬೇಕು ನೋಡು," ಎಂದು ಶಾಬಾಸಕೀ ಕೊಟ್ಟು ಬಂದಿದ್ದೆ.

ಮೂರನೆಯ ವಾರ ಯಲ್ಲವ್ವನಿಗೆ ಕಾಲು ನೆಲದ ಮೇಲೆ ಇಡಲಿಕ್ಕಾಗಲಿಲ್ಲ. "ಅಂಗಾಲಾಗ ಕೆಂಡಾ ಇಟ್ಟಾರಬೇ," ಎಂದು ಅಳುತ್ತಿದ್ದಳು. ಕೂದಲು ಹಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಬಸವಜಯಂತಿಯ ನಾಲ್ಕು ದಿನ ಮುಂಚೆ ತೀರಿಹೋದಳು. ಅವಳಿಗಿಂತ ಮುಂಚೆ ಇಬ್ಬರು ಮುದುಕರು ಹೋಗಿದ್ದರು. ಕೂಸಿಗೆ ಆಡಿನ ಹಾಲು ಹಿಡಿಸಿದ್ದರಿಂದ ಅದು ಬದುಕಿತು.

ಮಣ್ಣು ಮುಗಿದ ಮೇಲೆ ಸಿದ್ದವ್ವನಿಗೂ ಕಾಲುರಿ ಹೆಚ್ಚಾಯಿತು. ನಾನು ಅವಳನ್ನು ಜತ್ತಕ್ಕೆ ಒಬ್ಬ ವಯಸ್ಸಾದ ಡಾಕ್ಟರರ ಬಳಿ ಕರೆದೊಯ್ದೆ. ಅವರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ಅವಳ ಕೈ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ಒಯ್ದು, ಬಹಳ ಹೊತ್ತು ಉಗುರುಗಳನ್ನೇ ನೋಡಿದರು. ಹತ್ತೂ ಉಗುರುಗಳ ಬುಡದಲ್ಲಿ ಅಡ್ಡಕ್ಕೆ ಒಂದೊಂದು ಬಿಳಿ ಗೆರೆ, ಸುಣ್ಣದ ದಾರ ಎಳೆದಂತೆ.

"ಈ ಗೆರಿ ಉಗುರಿನ ಜೋಡಿ ಮ್ಯಾಲೆ ಸರಕೋತ ಬರತದ," ಎಂದು ಡಾಕ್ಟರರು ನನಗೆ ಹೇಳಿದರು. "ಒಂದು ತಿಂಗಳಿನ ಹಿಂದ ಈ ಹೆಣಮಗಳ ಹೊಟ್ಟಿಗೆ ಸೋಮಲ ಹೋಗೇದ. ಮನ್ಯಾಗ ಯಾರಿಗರೆ ಇಕೀ ಮ್ಯಾಲೆ ಸಿಟ್ಟದ ಏನು?"

ಸಿದ್ದವ್ವ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದಳು. "ಇವರೊಬ್ಬರದ ಅಲ್ರಿ. ಓಣಿಗೆ ಓಣೀನ ಹಿಂಗೈತಿ," ಎಂದೆ.

"ಹಂಗಾದ್ರ ನೀರು ನೋಡ್ರಿ," ಎಂದರು ಅವರು.

ಊರು ಮುಟ್ಟಿದವನೇ ದಸ್ತಗೀರಸಾಬನನ್ನು ಹುಡುಕಿಕೊಂಡು ಹೋದೆ. ಅವನು ಯಾರದೋ ಮನೆಯ ಗೋಡೆ ಏರಿಸುತ್ತಿದ್ದ. "ಚಾಚಾ, ಹಾರಿ ತಗೊಂಡು ಬರ್ರಿ," ಎಂದಾಗ ಯಾಕೆ ಎಂದು ಕೇಳಲಿಲ್ಲ. ಇಳಿದು ಬಂದ. ಸುಣ್ಣದ ದಿಬ್ಬವನ್ನು ಅಗೆದೆವು. ಎರಡು ಮೊಳ ಹೋಗುವುದರೊಳಗೆ ಹಾರೆ ಖಣ್ ಎಂದಿತು. ಕೆಳಗೆ ಹಾಸುಗಲ್ಲು. ಮಣ್ಣು ಪುಡಿಪುಡಿಯಾಗಿ ಒಣಗಿತ್ತು, ಒಂದು ಚರಿಗೆ ನೀರನ್ನೂ ಕಂಡಿರಲಿಲ್ಲ.

ದಸ್ತಗೀರಸಾಬ ಅಲ್ಲೇ ಕುಳಿತ. "ಕಲ್ಲು ಹತ್ತತೈತಿ, ಮದ್ದಿಟ್ಟು ಸುರಂಗಾ ಹಾರಸಬೇಕ್ರಿ ಅಂತ ನಾ ಹೇಳಿದ್ನಿ. ಪರವಾನಗಿ ಬರೂದು ಯಾವಾಗ, ಅಷ್ಟರಾಗ ಸರಕಾರಿ ಸಾಹೇಬ್ರು ನೋಡಾಕ ಬರ್ತಾರ, ಟಾಕಿ ಸ್ವಚ್ಛ ಕಾಣಬೇಕು ಅಂದ್ರು ಸಾವಕಾರ್ರು. ಟಾಕೀ ಬುಡಕ್ಕ ಹಳ್ಳದ ಕಡೆ ತೂತು ಹಾಕು ಅಂದ್ರು. ಹಾಕಿದ್ನಿ. ಮುಂಜಾನೆ ಮತ್ತ ಗಿಲಾವ ಮಾಡಿ ಮುಚ್ಚಿದ್ನಿ. ಇಲ್ಲಿ ಬರೇ ಮಣ್ಣು ಹೇರಿ ಸುಣ್ಣಾ ಚೆಲ್ಲಿದ್ವಿ."

"ವಿಷಾ ಅಂತ ಗೊತ್ತಿರಲಿಲ್ಲೇನು ಚಾಚಾ?"

"ನೀವ ಓದಿ ಹೇಳಿದ್ರಲ್ಲ ಚಾವಡ್ಯಾಗ, ಗೊತ್ತಿತ್ತು. ಅಳಿಯಾಗ ಕೇಳೇನಿ, ಉಸುಕು ನುಂಗತೈತಿ ಅಂದಾನ ಅಂತ ಸಾವಕಾರ್ರು ಹೇಳಿದ್ರು. ನಿಮ್ಮ ಹೆಸರು ತಗದ ಮ್ಯಾಲೆ ನಾ ಸುಮ್ಮನಾದ್ನಿ. ನಮ್ಮ ಮನ್ಯಾಗೂ ಅದ ನೀರು ಕುಡದೀವ್ರಿ." ಅವನು ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ. ಸುಣ್ಣ ತಿಂದ ಒರಟು ಉಗುರುಗಳಲ್ಲೂ ಆ ಗೆರೆ ಕಾಣುತ್ತಿತ್ತು.

ಆಗ ನಾನು ನನ್ನ ಕೈ ನೋಡಿಕೊಂಡೆ. ಹತ್ತೂ ಉಗುರುಗಳು ಗುಲಾಬಿಯಾಗಿ, ನುಣ್ಣಗೆ ಇದ್ದವು. ಬಾಯಲ್ಲಿ ಗಟ್ಟಿ ಬೇಳೆಯ ರುಚಿ ಬಂತು.

ಮಾಮಾನನ್ನು ಕೇಳುವ ಮೊದಲು ಖಾತ್ರಿ ಮಾಡಿಕೊಳ್ಳಬೇಕೆನ್ನಿಸಿತು. ಅವನು ತಪ್ಪಿತಸ್ಥನಲ್ಲ ಎಂದಾಗಲಿ ಎಂಬ ಆಸೆ ಇನ್ನೂ ಇತ್ತು. ಒಂದು ಬಾಟಲಿಯಲ್ಲಿ ಒರತೆಯ ನೀರು, ಇನ್ನೊಂದರಲ್ಲಿ ತೋಟದ ಬಾವಿಯ ನೀರು ತುಂಬಿಕೊಂಡು ವಿಜಾಪುರಕ್ಕೆ ಹೋದೆ. ಹೋಗುವ ಮುಂಚೆ ಸಿದ್ದವ್ವನಿಗೆ, ನಾನು ಬರುವ ತನಕ ಒರತೆಯ ನೀರು ಯಾರೂ ಮುಟ್ಟಬೇಡಿ, ಬಾವಿಯ ಸಪ್ಪ ನೀರನ್ನೇ ಕುಡಿಯಿರಿ ಎಂದೆ. ಅವಳು ಯಾಕೆ ಎಂದಳು. ಬಂದು ಹೇಳುತ್ತೇನೆ ಎಂದೆ. ಆಗಲೇ ಹೇಳಬೇಕಿತ್ತು. ಆ ಎರಡು ದಿನ ಅರ್ಧ ವಸ್ತಿ ನನ್ನ ಮಾತು ಕೇಳಿತು, ಅರ್ಧ ಕೇಳಲಿಲ್ಲ.

ಕಾಲೇಜಿಗೆ ಸೂಟಿ. ನನಗೆ ಕಲಿಸಿದ ಪ್ರಯೋಗಶಾಲೆಯ ಮಾಸ್ತರರು ಮನೆಯಿಂದ ಬೀಗದ ಕೈ ತಂದು ಬಾಗಿಲು ತೆಗೆದರು. ಸತುವಿನ ಚೂರಿನ ಮೇಲೆ ಆಮ್ಲ ಹಾಕಿ, ಹೊರಡುವ ಗಾಳಿಯನ್ನು ತೆಳ್ಳನೆಯ ಗಾಜಿನ ನಳಿಕೆಯಲ್ಲಿ ಹಾಯಿಸಿ, ನಳಿಕೆಯನ್ನು ಕಾಸಿದೆವು. ಬಾವಿಯ ನೀರು ಹಾಕಿದಾಗ ಗಾಜು ಗಾಜಾಗಿಯೇ ಇತ್ತು. ಒರತೆಯ ನೀರು ಹಾಕಿದ ಸ್ವಲ್ಪ ಹೊತ್ತಿಗೆ ಗಾಜಿನ ಒಳಮೈಗೆ ಕಂದು ಛಾಯೆ ಹತ್ತಿ, ನೋಡುನೋಡುತ್ತಿದ್ದಂತೆ ಕನ್ನಡಿಯ ಹಾಗೆ ಕಪ್ಪಗೆ ಹೊಳೆಯಿತು. ಪರೀಕ್ಷೆಯ ವರ್ಷ ಸೋಮಲದ ಇಂಥದೇ ಕನ್ನಡಿ ಕಂಡು ನಾವು ಗೆಳೆಯರು ಚಪ್ಪಾಳೆ ತಟ್ಟಿದ್ದೆವು.

ಮಾಸ್ತರರು ದೀಪ ಆರಿಸಿದರು. "ಇದಕ್ಕ ಸಾವಿಲ್ಲ ನೋಡ್ರಿ. ಸುಡೂದಿಲ್ಲ, ಕೊಳಿಯೂದಿಲ್ಲ, ಕುದಿಸಿದ್ರ ಹೋಗೂದಿಲ್ಲ. ಎಲ್ಲಿ ಇಟ್ಟೀರಿ ಅಲ್ಲೇ ಇರತದ. ಆ ಉಸುಕು ಎಬ್ಬಿಸಿ, ನೀರು ಮುಟ್ಟಲಾರದ ಕಡೆ ಒಯ್ದು ಹುಗೀರಿ. ಮಳಿ ಬರೂದ್ರಾಗ ಮಾಡ್ರಿ. ಒಮ್ಮೆ ಹಳ್ಳ ಹರೀತು ಅಂದ್ರ ಎಲ್ಲಿಗೆ ಹೋತು ಅಂತ ಯಾರಿಗೂ ತಿಳಿಯೂದಿಲ್ಲ."

ಆ ನಳಿಕೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ಬಂದು ಮಾಮಾನ ಮುಂದೆ ಗಾದಿಯ ಮೇಲೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ನಿನಗ ಮೊದಲ ಗೊತ್ತಿತ್ತು ಮಾಮಾ."

"ಏನು ಗೊತ್ತಿತ್ತು? ಉಸುಕು ನುಂಗತೈತಿ ಅನ್ಕೊಂಡೆ."

"ಹಂಗಾದ್ರ ಮನೀ ನೀರು ಯಾಕ ಬದಲಿ ಮಾಡಿಸಿದಿ?"

ಅವನು ಬಾಗಿಲ ಕಡೆ ನೋಡಿದ. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅತ್ತಿ ಕೇಳುತ್ತಿದ್ದಳು.

"ನೀನ ಎರಡು ಸಲ ಓದಿ ಹೇಳಿದ್ದೆಲ್ಲೋ, ಹಳ್ಳಕ್ಕ ಹೋಗಬಾರದು ಅಂತ. ಮನ್ಯಾಗ ಮಕ್ಕಳದಾರ, ನೀ ಇದ್ದಿ. ಅಕ್ಕಗ ಏನು ಉತ್ತರಾ ಕೊಡ್ಲಿ ಅಂತ ಅಂಜಿದೆ. ನಿನ್ನ ಜೀವಾ ಕಾಯ್ದೇನಿ, ಅದು ತಪ್ಪಾತೇನು?"

"ವಸ್ತಿಯವರಿಗೆ ಒಂದು ಮಾತು ಹೇಳಿದ್ರ ಆಗ್ತಿತ್ತು."

"ಹೇಳಿದ್ರ ಟಾಕಿ ಒಡೀತಿದ್ರು, ಸಂಘಾ ಮುರೀತಿತ್ತು. ನಾಕು ದಿನಾ ಬಿಟ್ರ ತಿಳಿಯಾಗತೈತಿ ಅನ್ಕೊಂಡೆ. ಆಮ್ಯಾಲೆ ಬ್ಯಾನಿ ಬಿತ್ತು. ಬ್ಯಾನಿ ಬಿದ್ದ ಮ್ಯಾಲೆ ಹೆಂಗ ಹೇಳೂದು?" ಅವನ ದನಿ ಮೆತ್ತಗಾಯಿತು. "ತಮ್ಮಾ, ಇದು ನಮ್ಮ ಮನಿಯೊಳಗ ಇರಲಿ. ಕಾಲರಾ ಅಂತ ಊರೆಲ್ಲಾ ನಂಬೇತಿ."

ಅವನು ಬೈದಿದ್ದರೆ, ಹೊಡೆದಿದ್ದರೆ ನನಗೆ ಸುಲಭವಿತ್ತು. ಸಣ್ಣವನಿದ್ದಾಗ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದನಲ್ಲ, ಅದೇ ದನಿಯಲ್ಲಿ ಮಾತಾಡಿದ. ನಾನು ಓದಿ ಹೇಳಿದ ಆ ಒಂದು ಸಾಲು ಇಡೀ ಊರಿನಲ್ಲಿ ಕಾಪಾಡಿದ್ದು ಒಂದೇ ಮನೆಯನ್ನು. ಆ ಮನೆಯಲ್ಲಿ ನಾನೂ ಇದ್ದೆ.

ಮರುದಿನ ಮುಂಜಾನೆ ಚಾವಡಿಯ ಮುಂದೆ ಜನ ಕೂಡಿಸಿದೆ. ನಳಿಕೆ ತೋರಿಸಿದೆ. ಸುಣ್ಣದ ದಿಬ್ಬದ ಕೆಳಗೆ ಏನಿತ್ತು, ಟಾಕಿಯ ನೀರು ಎಲ್ಲಿಗೆ ಹೋಯಿತು, ಉಗುರಿನ ಬಿಳಿ ಗೆರೆ ಏನು, ಎಲ್ಲವನ್ನೂ ಹೇಳಿದೆ. ಒರತೆಯ ನೀರು ಕುದಿಸಿದರೆ ವಿಷ ಹೋಗುವುದಿಲ್ಲ, ನಾನು ಹೇಳಿದ್ದು ತಪ್ಪು ಎಂದೂ ಹೇಳಿದೆ. ದಸ್ತಗೀರಸಾಬ ಎದ್ದು, ತೂತು ಹಾಕಿದವನು ತಾನೇ ಎಂದು ಒಪ್ಪಿಕೊಂಡ. ಜನ ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು.

ಆಗ ಮಾಮಾ ಎದ್ದು ನಿಂತ. ಅವನ ಮುಖದಲ್ಲಿ ನಿನ್ನೆಯ ಮೆತ್ತಗಿನ ಭಾವ ಇರಲಿಲ್ಲ.

"ನೋಡ್ರಿ, ನಾ ಇಂಗ್ರೇಜಿ ಓದಿದಾವ ಅಲ್ಲ. ಇಲ್ಲೇ ಕುಂತು ನಿಮಗ ಕಾಗದಾ ಓದಿ ಹೇಳಿದಾವ ಯಾರು? ಕಲ್ಲಿನ ಮ್ಯಾಲೆ ಗುಂಡಿಗೆ ಜಾಗಾ ಹಾಕಿ ಗೂಟಾ ಬಡದಾವ ಯಾರು? ಕುದಿಸಿ ಕುಡೀರಿ ಅಂತ ಮನಿಮನಿ ತಿರಿಗ್ಯಾಡಿದಾವ ಯಾರು? ಕಲ್ತಾವ ಹೇಳ್ಯಾನ ಅಂತ ನಾನೂ ನಂಬಿದೆ, ನೀವೂ ನಂಬಿದ್ರಿ."

ಆ ಮೂರು ಪ್ರಶ್ನೆಗಳಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದವ್ವ ಕೋಲೂರಿ ಎದ್ದಳು.

"ಅಳಿಯಾ, ಒಂದ ಮಾತು ಕೇಳ್ತೀನಿ. ಯುಗಾದಿ ಆದ ಮ್ಯಾಲೆ ನೀ ಒರತಿ ನೀರು ಕುಡದೀಯೇನು?"

"ಇಲ್ಲ."

"ಒಂದು ಗುಟುಕನೂ?"

"ಇಲ್ಲ ಸಿದ್ದವ್ವಾ. ಆದ್ರ ನನಗ ಗೊತ್ತಿರಲಿಲ್ಲ, ಮನ್ಯಾಗ—"

"ಕೈ ತೋರ್ಸು."

ತೋರಿಸಿದೆ. ಅವಳು ಹತ್ತಿರ ಬಂದು, ಒಂದೊಂದೇ ಬೆರಳನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದಳು. ಹಿಂದಿನವರು ಕತ್ತು ಚಾಚಿ ನೋಡಿದರು. ನನ್ನ ಕೈಯನ್ನು ಅವಳು ಮೆಲ್ಲಗೆ ಕೆಳಗೆ ಬಿಟ್ಟಳು, ಜಗ್ಗಿ ಒಗೆಯಲಿಲ್ಲ. ಚೇರ್ಮನ್ ಸಾವಕಾರರ ಕೈಯನ್ನು ತೋರಿಸಿ ಎಂದು ಕೇಳುವುದು ಆ ಊರಲ್ಲಿ ಯಾರಿಗೂ ಹೊಳೆಯಲಿಲ್ಲ. ಮಾಮಾ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದ.

ಅಂದೇ ನಾನು ಆ ಮನೆ ಬಿಟ್ಟೆ. ಅತ್ತಿ ಹಿತ್ತಲ ಬಾಗಿಲಲ್ಲಿ ನಿಂತು, "ಬ್ಯಾಳಿ ಬೇಯಲಾರದ್ದು ನೋಡಿ ನಿನಗ ತಿಳೀತೈತಿ ಅನ್ಕೊಂಡಿದ್ದೆ," ಎಂದಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಈಗಲೂ ಇದೆ. ಹೇಳಬೇಕಾದವರೆಲ್ಲ ಯಾಕೆ ಇನ್ನೊಬ್ಬರಿಗೆ ತಿಳಿಯಲಿ ಎಂದು ಕಾಯುತ್ತಾರೆ?

ದಸ್ತಗೀರಸಾಬನ ಮನೆಯ ಕಟ್ಟೆಯ ಮೇಲೆ ಮಲಗುತ್ತ ಮೂರು ವಾರ ಉಸುಕು ಎಬ್ಬಿಸಿದೆವು. ಊರಿನ ಚಕ್ಕಡಿಗಳು ಸಿಗಲಿಲ್ಲ, ಸಾವಕಾರರ ಮಾತು ಮೀರಿ ಯಾರೂ ಕೊಡಲಿಲ್ಲ. ದಸ್ತಗೀರಸಾಬನ ಎರಡು ಕತ್ತೆಗಳ ಮೇಲೆ ಜೋಡುಚೀಲದಂಥ ಹಸಿಬೆಯಲ್ಲಿ ತುಂಬಿ, ಹುಲ್ಲೂ ಬೆಳೆಯದ ಮಡ್ಡಿಗೆ ಒಯ್ದೆವು. ಅಲ್ಲಿ ದಸ್ತಗೀರಸಾಬ ಗುಂಡಿ ತೋಡಿ, ತಳಕ್ಕೂ ಬದಿಗೂ ಜಿಗುಟು ಮಣ್ಣು ಮೆತ್ತಿದ್ದ. ಒಂದು ಪದರ ಉಸುಕು, ಒಂದು ಪದರ ಸುಣ್ಣ. ಮೊದಲ ದಿನ ಇಬ್ಬರೇ ಇದ್ದೆವು. ನಾಲ್ಕನೆಯ ದಿನ ವಸ್ತಿಯ ಹೆಂಗಸರು ಸಲಿಕೆ ಹಿಡಿದು ಬಂದರು. ನನ್ನ ಜೊತೆ ಮಾತಾಡಲಿಲ್ಲ, ದಸ್ತಗೀರಸಾಬನ ಜೊತೆ ಮಾತಾಡಿದರು.

"ತೂತು ಹಾಕಾಕ ಒಂದು ರಾತ್ರಿ, ಮುಚ್ಚಾಕ ಮೂರು ವಾರಾ. ಚಲೋ ಗೌಂಡಿ ಆದಿ ನೀ," ಎಂದು ಒಬ್ಬಳು ಹಂಗಿಸಿದಳು.

"ಬೈರೇವಾ ಬೈರಿ, ಆದ್ರ ಸಲಿಕಿ ನಿಲ್ಲಸಬ್ಯಾಡ್ರಿ," ಎಂದ ಅವನು.

ಅವನನ್ನು ಬೈದು ಮುಗಿಸಿ ಕ್ಷಮಿಸಿದ್ದರು. ಅವನ ಉಗುರಲ್ಲಿ ಗೆರೆ ಇತ್ತಲ್ಲ.

ದಿನವೂ ಮೋಡ ನೋಡುತ್ತಿದ್ದೆ. ಟಾಕಿಯ ತೂತಿನಿಂದ ಒರತೆಯ ತನಕ, ಹಸಿ ಉಸುಕು ಸಿಕ್ಕಷ್ಟನ್ನೂ ತೆಗೆದೆವು. ಆದರೂ ಎಲ್ಲ ಬಂತೆಂದು ಹೇಗೆ ಹೇಳುವುದು? ಉಸುಕು ನೋಡಿದರೆ ಉಸುಕು. ಗಂಧಕದ ನಾತ ಆರಿದ ಮೇಲೆ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಲಿಕೆ ಎತ್ತುವಾಗೆಲ್ಲ, ಇದರ ಕೆಳಗಿನದು, ಅದರ ಆಚೆಯದು ಎಂದು ಕೈ ನಿಲ್ಲುತ್ತಿರಲಿಲ್ಲ. ರೋಹಿಣಿ ಮಳೆಯ ಮೊದಲ ಗುಡುಗು ಕೇಳಿದ ದಿನ ಮಡ್ಡಿಯ ಗುಂಡಿಯ ಬಾಯಿಗೆ ಕಲ್ಲು ಹೇರಿ, ಮುಳ್ಳು ಬಡಿದೆವು.

ಅದಕ್ಕೂ ವಾರದ ಹಿಂದೆಯೇ ಸಿದ್ದವ್ವ ಹೊಸ ಒರತೆ ತೋಡಿದ್ದಳು. ಟಾಕಿಯಿಂದ ಬಹಳ ಮೇಲೆ, ಹಳ್ಳ ತಿರುಗುವ ಕಡೆ. ಬಾವಿಯ ಸಪ್ಪ ನೀರಿಗೆ ಮಕ್ಕಳು ಬೇಸತ್ತಿದ್ದರು. ನೀರು ಕಣ್ಣಿನಷ್ಟು ತಿಳಿಯಾಗಿ ಬಂತು. ಹೆಂಗಸರು ಕೊಡ ಇಟ್ಟುಕೊಂಡು ದಂಡೆಯ ಮೇಲೆ ಸಾಲಾಗಿ ಕುಳಿತರು, ಆದರೆ ಯಾರೂ ಕೆಳಗೆ ಇಳಿಯಲಿಲ್ಲ. ಸಿದ್ದವ್ವ ಒಬ್ಬಳನ್ನು ಕಳಿಸಿ ನನ್ನನ್ನು ಕರೆಸಿದಳು.

ಹೋದೆ. ಈ ನೀರನ್ನೂ ವಿಜಾಪುರಕ್ಕೆ ಒಯ್ದು ನೋಡಿಸುತ್ತೇನೆ, ಎರಡು ದಿನ ತಡೆಯಿರಿ ಎಂದೆ.

"ಗಾಜಿನ ನಳಗೀ ಬ್ಯಾಡ," ಎಂದಳು ಸಿದ್ದವ್ವ. ತೆಂಗಿನ ಚಿಪ್ಪು ತುಂಬಿಸಿ ಮುಂದೆ ಹಿಡಿದಳು. "ಮೊದಲ ನೀ ಕುಡಿ."

ಅವಳ ಹಿಂದೆ ಯಲ್ಲವ್ವನ ಕೂಸು ಯಾರದೋ ಸೊಂಟದ ಮೇಲೆ ಕುಳಿತು ಬೆರಳು ಚೀಪುತ್ತಿತ್ತು. ಚಿಪ್ಪು ಇಸಿದುಕೊಂಡೆ. ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಚೆಲ್ಲಿತು. ಅವಳು ಮತ್ತೆ ತುಂಬಿಸಿದಳು. ತೂತು, ಇಳಿಜಾರು, ಒಳಗೊಳಗೆ ಹಾಯುವ ನೀರು, ನಾವು ಬಿಟ್ಟಿರಬಹುದಾದ ಒಂದು ಬುಟ್ಟಿ ಉಸುಕು, ಎಲ್ಲ ಕಣ್ಣ ಮುಂದೆ ಬಂತು. ಕುಡಿದೆ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಆ ಇನ್ನೊಂದು ನೀರೂ ಹೀಗೆಯೇ ಇತ್ತೆಂದು ನೆನಪಾಯಿತು.

"ನಾಳಿ ಬಾ," ಎಂದಳು.

ದಿನವೂ ಹೋದೆ. ಬೆಳಿಗ್ಗೆ ಬಳಿದು ಚೆಲ್ಲಿ, ಜಿನುಗಿದ್ದನ್ನು ನನಗೆ ಕುಡಿಸಿ, ಎದುರಿಗೆ ಕುಳಿತು ನನ್ನ ಮುಖ ನೋಡುವಳು. ನಾನು ರಾತ್ರಿಯೆಲ್ಲ ನನ್ನ ಅಂಗಾಲನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೊಟ್ಟೆಯಲ್ಲಿ ಸುಮ್ಮನೆ ಗುಳುಗುಳು ಎಂದರೂ ಬೆವರುತ್ತಿದ್ದೆ. ಯಲ್ಲವ್ವನಿಗೆ ಹೀಗೆಯೇ ಶುರುವಾಗಿತ್ತೇ ಎಂದು ಕೇಳಲು ಅವಳ ಅವ್ವನ ಎದುರಿಗೆ ಬಾಯಿ ಬರುತ್ತಿರಲಿಲ್ಲ. ಚಾವಡಿಯಲ್ಲಿ ನನ್ನ ಮಾತು ನಂಬಿದ ಜನ ಈಗ ನನ್ನ ಹೊಟ್ಟೆಯನ್ನು ಮಾತ್ರ ನಂಬುತ್ತಿದ್ದರು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಕುಡಿದು ಚಿಪ್ಪು ಕೆಳಗಿಟ್ಟೆ. ಸಿದ್ದವ್ವ ಅದನ್ನು ಎತ್ತಿಕೊಂಡು, ಮತ್ತೊಂದು ಸಲ ತುಂಬಿಸಿ, ತಾನು ಕುಡಿದಳು. ದಂಡೆಯ ಮೇಲೆ ಒಬ್ಬಳು ಎದ್ದು ಕೊಡ ತಂದಳು, ಅವಳ ಹಿಂದೆ ಇನ್ನೊಬ್ಬಳು. ಸಿದ್ದವ್ವ ಬಗ್ಗಿ ಒಂದೊಂದೇ ಕೊಡ ತುಂಬಿಸತೊಡಗಿದಳು. ನಾನು ನಿಂತೇ ಇದ್ದೆ. ಏನಾದರೂ ಅಂದಾಳೆಂದು ಕಾಯುತ್ತಿದ್ದೆ. ನಾಲ್ಕನೆಯ ಕೊಡವನ್ನು ಎತ್ತಿ ಕೊಟ್ಟ ಮೇಲೆ ಅವಳು ತಲೆ ಎತ್ತಿದಳು.

"ಆತು," ಎಂದಳು. "ನಾಳಿಂದ ಬರಬ್ಯಾಡ."